ಮಣೆಯ ಮೇಲಿನ ಬ್ಯಾಟರಿ

ಮನೆಯಲ್ಲಿ ದೀಪ ತಾನಾಗಿ ಹತ್ತಿತು ಎಂದು ಯಾರಾದರೂ ಹೇಳಿದರೆ, ವೈರಿಂಗ್ ಯಾರು ಮಾಡಿದ್ದು ಎಂದು ಕೇಳುವವನು ನಾನು. ಬಾಗಿಲು ತಾನಾಗಿ ತೆರೆಯಿತು ಎಂದರೆ, ಬಿಜಾಗರಿಗೆ ಎಣ್ಣೆ ಬಿಟ್ಟು ಎಷ್ಟು ಕಾಲವಾಯಿತು ಎನ್ನುತ್ತಿದ್ದೆ. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲಿನ ಹುಡುಗರು ಹೇಳುತ್ತಿದ್ದ ಇಂಥ ಕಥೆಗಳನ್ನು ಅರ್ಧದಲ್ಲೇ ತಡೆದು, ಅವರ ಮಜಾ ಕೆಡಿಸಿ ಬೈಸಿಕೊಂಡದ್ದೂ ಉಂಟು. ಹಾಗಾಗಿ ಈಗ ನಾನೇ ಬರೆಯಲು ಕುಳಿತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಮೊದಲು ಕಾರಿನ ವಿಷಯ ಹೇಳಬೇಕು. ಯೂರೋಪಿನ ಕಾರು. ಕಂಪನಿಯ ಹೆಸರು ಬರೆಯುವುದಿಲ್ಲ, ಬರೆದರೆ ಅದರ ಭಕ್ತರು ಜಗಳಕ್ಕೆ ಬರುತ್ತಾರೆ. ಎರಡು ಸಾವಿರದ ಆರಂಭದ ವರ್ಷಗಳಲ್ಲಿ, ನಾವು ಈ ಹಿಮದ ದೇಶಕ್ಕೆ ಬಂದು ವಿಟ್ಬಿ ಎಂಬ ಊರಿನಲ್ಲಿ ಮನೆ ಕೊಂಡ ಹೊಸದರಲ್ಲಿ, ಹಳೆಯ ಕಾರಾದರೂ ಗಟ್ಟಿಮುಟ್ಟಾಗಿದೆ ಎಂದು ಕೊಂಡೆ. ಬೇಸಿಗೆಯಲ್ಲಿ ಅದರಂಥ ಸಾಧು ಇನ್ನೊಂದಿಲ್ಲ. ನವೆಂಬರ್ ಬಂತೆಂದರೆ ಒಂದೊಂದೇ ರಗಳೆ ಶುರು. ಬೀಗದೊಳಗೆ ಮಂಜು ಕಟ್ಟಿ ಕೀಲಿ ತಿರುಗುತ್ತಿರಲಿಲ್ಲ. ಬಿಸಿನೀರು ಸುರಿದರೆ ಬಾಗಿಲು ತೆರೆಯುತ್ತಿತ್ತು ನಿಜ, ಆಮೇಲೆ ಆ ನೀರೇ ಹೆಪ್ಪುಗಟ್ಟಿ ಬಾಗಿಲು ಮುಚ್ಚುತ್ತಿರಲಿಲ್ಲ. 401 ಹೆದ್ದಾರಿಯ ಮೇಲೆ ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು ಆಫೀಸಿಗೆ ಹೋದವನು ನಾನು. ರಸ್ತೆಗೆ ಸುರಿಯುವ ಉಪ್ಪು ಅದರ ಸೈಲೆನ್ಸರನ್ನು ಹಪ್ಪಳದಂತೆ ಮುರಿದು ತಿಂದಿತು. ಬೇರೆಯವರ ಕಾರಿನ ಸಾಮಾನು ಬೀದಿ ಕೊನೆಯ ಅಂಗಡಿಯಲ್ಲೇ ಸಿಗುತ್ತಿತ್ತು. ಇದರ ಸಾಮಾನು ಸಮುದ್ರ ದಾಟಿ ಬರಬೇಕು, ಬರುವಷ್ಟರಲ್ಲಿ ಇನ್ನೊಂದು ಕೆಟ್ಟಿರುತ್ತಿತ್ತು.

ನನ್ನ ಹೆಂಡತಿ ವಸುಧಾ ಆ ಕಾರಿಗೆ ಬೀಗಿತ್ತಿ ಎಂದು ಹೆಸರಿಟ್ಟಿದ್ದಳು. ಎಷ್ಟು ಉಪಚಾರ ಮಾಡಿದರೂ ಕೊಂಕು ತೆಗೆಯುತ್ತದೆ ಎಂದು.

ಅದನ್ನು ರಿಪೇರಿ ಮಾಡುತ್ತಿದ್ದವನು ಎಟೋಬಿಕೋಕ್‌ನಲ್ಲಿ ಗ್ಯಾರೇಜು ಇಟ್ಟಿದ್ದ ಹುಬ್ಬಳ್ಳಿಯ ಬಸಣ್ಣ. ಊರಿನ ಈ ತುದಿಯಿಂದ ಆ ತುದಿಗೆ ಹೋಗಬೇಕಿತ್ತು, ಆದರೆ ಕನ್ನಡದಲ್ಲಿ ಬೈಯಬಹುದು ಎಂಬ ಒಂದೇ ಕಾರಣಕ್ಕೆ ಹೋಗುತ್ತಿದ್ದೆ. ಅವನೂ ಬೈಯುತ್ತಿದ್ದ. "ಸರ, ಈ ಗಾಡಿ ಬಿಸಲಿಗೂ ಹುಟ್ಟಿಲ್ಲ, ಥಂಡಿಗೂ ಹುಟ್ಟಿಲ್ಲ. ಬರೇ ಷೋರೂಮಿಗೆ ಹುಟ್ಟೇದ. ಮಾರಿ ಬಿಡ್ರಿ ಅತ್ಲಾಗ," ಎನ್ನುತ್ತಿದ್ದ. "ಯಾರಿಗೆ ಮಾರಲಿ ಬಸಣ್ಣಾ?" ಎಂದರೆ, "ನಿಮಗ ಆಗದವ್ರು ಯಾರೂ ಇಲ್ಲೇನ್ರಿ?" ಎಂದು ನಗುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಕಾಟ ಬ್ಯಾಟರಿಯದು. ಕಾರು ನಿಲ್ಲಿಸಿದ ಮೇಲೂ ಏನೋ ಒಂದು ಒಳಗೊಳಗೇ ಕರೆಂಟು ಹೀರುತ್ತಿತ್ತು. ಬಸಣ್ಣ ಎಷ್ಟು ತಡಕಾಡಿದರೂ ಎಲ್ಲಿಂದ ಎಂದು ಸಿಗಲಿಲ್ಲ. ಕೊನೆಗೆ ಅವನೇ ಸೋತು, "ಥಂಡಿ ಬಾಳ ಇದ್ದಾಗ ಬ್ಯಾಟರಿ ಬಿಚ್ಚಿ ಒಳಗ ತೊಗೊಂಡ ಹೋಗ್ರಿ. ಕೂಸಿನ ಹಂಗ ಬೆಚ್ಚಗ ಇಡ್ರಿ," ಎಂದ. ಅಂದಿನಿಂದ ಚಳಿಗಾಲದಲ್ಲಿ ನನ್ನ ದಿನಚರಿ ಅದೇ ಆಯಿತು. ಗ್ಯಾರೇಜಿನ ತುಂಬ ಸೂಟ್‌ಕೇಸು, ಅಕ್ಕಿಮೂಟೆ, ಸೈಕಲ್ಲು ತುಂಬಿದ್ದರಿಂದ ಕಾರು ಹೊರಗೇ ನಿಲ್ಲುತ್ತಿತ್ತು. ಕೈ ಮರಗಟ್ಟಿಸಿಕೊಂಡು ಬ್ಯಾಟರಿ ಬಿಚ್ಚುವುದು, ಕೇಬಲ್ಲಿನ ಎರಡು ತುದಿಗೂ ಮಗಳ ಹಳೆಯ ಗುಲಾಬಿ ಕಾಲುಚೀಲ ತೊಡಿಸಿ ಕಟ್ಟುವುದು, ಬ್ಯಾಟರಿಯನ್ನು ಹೊತ್ತು ತಂದು ಅಡುಗೆಮನೆಯಲ್ಲಿ ಬಿಸಿಗಾಳಿ ಬರುವ ಕಿಂಡಿಯ ಪಕ್ಕ ಇಡುವುದು. ನೆಲಕ್ಕೆ ಕಲೆಯಾಗದಿರಲಿ ಎಂದು ಅದರ ಕೆಳಗೆ ಊಟದ ಮಣೆ. "ಬೀಗಿತ್ತಿಗೆ ಮಣೆ ಹಾಕಿದ್ರಾ?" ಎಂದು ವಸುಧಾ ದಿನವೂ ಕೇಳುವಳು. ನಾನು ದಿನವೂ ಉರಿದುಕೊಳ್ಳುವೆನು.

ಒಂದು ಜನವರಿಯ ಶನಿವಾರ ಸಂಜೆ ಹಿಮದ ಬಿರುಗಾಳಿ ಶುರುವಾಯಿತು. ಸೋಮವಾರದವರೆಗೆ ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡು ಬ್ಯಾಟರಿ ಬಿಚ್ಚಿ ಒಳಗೆ ತಂದಿಟ್ಟೆ. ಭಾನುವಾರ ಬೆಳಗಾದಾಗಲೂ ಗಾಳಿ ನಿಂತಿರಲಿಲ್ಲ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿನ ಓಣಿಯಲ್ಲಿ ಹಿಮ ಕಿಟಕಿಯ ಮಟ್ಟಕ್ಕೆ ಬಂದು ಕೂತಿತ್ತು. ಚಳಿ ನುಗ್ಗದಿರಲಿ ಎಂದು ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೆವು. ಮನೆ ಡಬ್ಬಿಯಂತೆ ಬಿಗಿಯಾಗಿತ್ತು.

ವಸುಧಾ ಬಿಸಿಬೇಳೆಭಾತು ಮಾಡಿದ್ದಳು. ಒಣಮೆಣಸಿನಕಾಯಿಯ ಒಗ್ಗರಣೆಗೆ ಮೂವರೂ ಕೆಮ್ಮಿದೆವು. ಚಾವಣಿಯಲ್ಲಿದ್ದ ಅಲಾರಂ ಮಾತ್ರ ಸುಮ್ಮನಿತ್ತು. ಹೊಗೆಗೂ ವಿಷಗಾಳಿಗೂ ಎರಡಕ್ಕೂ ಕೂಗುವ ಅಲಾರಂ ಅದು. ಒಗ್ಗರಣೆ ಹಾಕಿದಾಗಲೆಲ್ಲ ಕಿರುಚಿ ಪ್ರಾಣ ತಿನ್ನುತ್ತದೆ ಎಂದು ದೀಪಾವಳಿಯ ಹೊತ್ತಿಗೇ ಅದರ ಬ್ಯಾಟರಿ ಬಿಚ್ಚಿ ಡ್ರಾಯರಿಗೆ ಹಾಕಿದ್ದೆವು. ನಮಗೆ ಗೊತ್ತಿದ್ದ ಕನ್ನಡದವರ ಮನೆಗಳಲ್ಲೆಲ್ಲ ಅದರ ಗತಿ ಅದೇ. ಕೆಲವರು ಅದಕ್ಕೆ ಶವರ್ ಕ್ಯಾಪ್ ಹಾಕಿಟ್ಟಿದ್ದರು.

ಊಟವಾದ ಮೇಲೆ ಮಗಳು ನಿಧಿ, "ಅಪ್ಪಾ, ಮೈ ಹೆಡ್ ಈಸ್ ಹರ್ಟಿಂಗ್," ಎಂದಳು. ಆಗ ಒಂದನೇ ಕ್ಲಾಸಿನಲ್ಲಿದ್ದಳು. "ಬೆಳಗಿಂದ ಟೀವಿ ಮುಂದೆ ಕೂತ್ರೆ ನೋಯದೆ ಇನ್ನೇನಾಗತ್ತೆ? ಬಾ ಇಲ್ಲಿ," ಎಂದು ವಸುಧಾ ಅವಳ ಹಣೆಗೆ ಮುಲಾಮು ತಿಕ್ಕಿ ಪಕ್ಕದಲ್ಲಿ ಮಲಗಿಸಿಕೊಂಡಳು. "ನಂಗೂ ಯಾಕೋ ತಲೆ ಭಾರ ರೀ. ತುಪ್ಪ ಜಾಸ್ತಿ ಆಯ್ತು ಅನ್ಸತ್ತೆ." ತಾಯಿ ಮಗಳು ಕಾರ್ಪೆಟ್ಟಿನ ಮೇಲೆ, ನಾನು ಸೋಫಾದಲ್ಲಿ. ಭಾನುವಾರ ಮಧ್ಯಾಹ್ನ, ಹೊರಗೆ ಹಿಮ, ಹೊಟ್ಟೆಯಲ್ಲಿ ಬಿಸಿಬೇಳೆಭಾತು. ನಿದ್ದೆ ಬರುವುದರಲ್ಲಿ ಅನುಮಾನಪಡುವಂಥದ್ದು ಏನಿತ್ತು?

ಆಗ ಹಾರ್ನ್ ಶುರುವಾಯಿತು.

ನಮ್ಮ ಕಾರಿನ ಹಾರ್ನ್. ಅದರಲ್ಲಿ ನನಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ. ಗಂಟಲು ಕಟ್ಟಿದ ಎಮ್ಮೆ ಕೂಗಿದ ಹಾಗೆ ಎಳೆದೆಳೆದು ಕೂಗುವ ಆ ದನಿ ನಮ್ಮ ಬೀದಿಯಲ್ಲಿ ಬೇರೆ ಯಾವ ಕಾರಿಗೂ ಇರಲಿಲ್ಲ. ಬಿಟ್ಟುಬಿಟ್ಟು ಅಲ್ಲ, ಒಂದೇ ಸಮನೆ. ನಿದ್ದೆಯಲ್ಲೇ ನನಗೆ ಮೈಯೆಲ್ಲ ಉರಿಯಿತು. ಇನ್ನು ಇದೊಂದು ಬಾಕಿ ಇತ್ತು ಎಂದುಕೊಂಡೆ. ತಾನಾಗಿ ನಿಲ್ಲಲಿ ಎಂದು ಕಾದೆ, ನಿಲ್ಲಲಿಲ್ಲ. ಏಳಲು ಹೋದರೆ ಕಾಲುಗಳು ಬೇರೆ ಯಾರದೋ ಎನ್ನುವ ಹಾಗಿದ್ದವು. ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದೆ. ಅದನ್ನೂ ಊಟದ ಮಂಪರು ಎಂದೇ ತಿಳಿದೆ. ಕೋಟು ಹಾಕಿಕೊಳ್ಳುವ ತಾಳ್ಮೆಯೂ ಇರಲಿಲ್ಲ. ಕಾರಿನ ಕೀಲಿ ಹಿಡಿದು, ಬಾಗಿಲು ಹಾರುಹೊಡೆದು, ಮನೆಯ ಚಪ್ಪಲಿಯಲ್ಲೇ ಹಿಮಕ್ಕೆ ಇಳಿದೆ.

ಎದುರು ಮನೆಯ ಟೋನಿ ತನ್ನ ಜಗಲಿಯಲ್ಲಿ ನಿಂತಿದ್ದ. ರಿಟೈರಾದ ಇಟಲಿಯವನು, ಒರಟು ಬಾಯಿ, ಒಳ್ಳೆಯ ಮನುಷ್ಯ. "ಹೇ! ಶಟ್ ದಟ್ ಥಿಂಗ್ ಅಪ್!" ಎಂದು ಕೂಗಿದ. ನಾನೂ ಏನೋ ಕೂಗಿದೆ. ಕಾರಿನ ಬಾಗಿಲ ಬೀಗ ಎಂದಿನಂತೆ ಹೆಪ್ಪುಗಟ್ಟಿತ್ತು, ಕೀಲಿ ಅರ್ಧಕ್ಕೂ ಇಳಿಯಲಿಲ್ಲ. ಬಾನೆಟ್ಟಿನ ಮೇಲೆ ಮೊಣಕೈವರೆಗೆ ಹಿಮ. ಅದರ ಮೇಲೆ ಮುಷ್ಟಿಯಿಂದ ಗುದ್ದಿದೆ. ನನ್ನ ಕೈಕೆಳಗೆ ಅದು ಕೂಗುತ್ತಲೇ ಇತ್ತು, ಲೋಹದ ಅದುರು ಅಂಗೈಗೆ ತಾಗುತ್ತಿತ್ತು.

"ವಸೂ, ಬಿಸಿನೀರು ತಗೊಂಡು ಬಾ!" ಎಂದು ತೆರೆದ ಬಾಗಿಲಿನ ಕಡೆ ತಿರುಗಿ ಅರಚಿದೆ. ಉತ್ತರವಿಲ್ಲ. ಇಷ್ಟು ಗಲಾಟೆಯಲ್ಲೂ ಗೊರಕೆ ಹೊಡೆಯುತ್ತಾಳಲ್ಲ ಎಂದು ಇನ್ನಷ್ಟು ರೇಗಿತು. ಬೈಯಲೆಂದೇ ಒಳಗೆ ಹೋದೆ. ಚಳಿಗಾಳಿಗೆ ಆ ಹೊತ್ತಿಗೆ ನನ್ನ ತಲೆ ಸ್ವಲ್ಪ ತಿಳಿಯಾಗಿತ್ತು. ಅವಳ ಭುಜ ಹಿಡಿದು ಅಲುಗಿಸಿದೆ. ಕಣ್ಣು ತೆರೆದಳು, ಆದರೆ ನನ್ನನ್ನು ನೋಡಲಿಲ್ಲ. ನಿಧಿಯನ್ನು ಎತ್ತಿದೆ. ಅವಳ ತಲೆ ನನ್ನ ತೋಳಿನಿಂದ ಹಿಂದಕ್ಕೆ ಜೋತುಬಿತ್ತು.

ಆ ತಲೆ ಜೋತುಬಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ, ಸಿಗ್ನಲ್ಲಿನಲ್ಲಿ ಕಾಯುತ್ತಿದ್ದಾಗ, ಇದ್ದಕ್ಕಿದ್ದಂತೆ ಬರುತ್ತದೆ.

ಮಗುವನ್ನು ಹೊತ್ತು ಹೊರಗೆ ಓಡಿದೆ. ಟೋನಿ ನನ್ನ ಮುಖ ನೋಡಿ, ಏನನ್ನೂ ಕೇಳದೆ, ಅವಳನ್ನು ಕಸಿದುಕೊಂಡ. ನಾನು ವಾಪಸು ಹೋಗಿ ವಸುಧಾಳನ್ನು ಕಂಕುಳಲ್ಲಿ ಕೈ ಹಾಕಿ ಎಳೆದು ತಂದೆ. ಫೋನು ಮಾಡಿದ್ದು ಟೋನಿಯೇ. ಹಾರ್ನ್ ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ. ಫೈರ್ ಎಂಜಿನ್ ಬರುವ ಹೊತ್ತಿಗೆ ಬೀದಿ ನಿಶ್ಶಬ್ದವಾಗಿತ್ತು.

ಮನೆ ಬಿಸಿ ಮಾಡುವ ಫರ್ನೇಸಿನ ಹೊಗೆ ಹೋಗುವ ಪೈಪಿನ ಬಾಯಿ ಓಣಿಯ ಹಿಮದಲ್ಲಿ ಹೂತುಹೋಗಿತ್ತಂತೆ. ಬಣ್ಣ ವಾಸನೆ ಏನೂ ಇಲ್ಲದ ವಿಷಗಾಳಿ ಬೆಳಗಿನಿಂದ ಮನೆ ತುಂಬಿಕೊಂಡಿತ್ತು. ಇನ್ನು ಸ್ವಲ್ಪ ಹೊತ್ತು ಮಲಗಿದ್ದರೆ ನೀವು ಮೂವರೂ ಏಳುತ್ತಿರಲಿಲ್ಲ ಎಂದು ಫೈರ್ ಎಂಜಿನ್ನಿನಲ್ಲಿ ಬಂದ ಎತ್ತರದ ಆಳೊಬ್ಬ ಮೆಲ್ಲಗೆ ಹೇಳಿದ. ಆಮೇಲೆ, "ನಿಮ್ಮ ಅಲಾರಂ ಕೂಗಲಿಲ್ಲವೇ?" ಎಂದು ಕೇಳಿದ. ಒಗ್ಗರಣೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನಗೆ ಹೊಳೆಯಲಿಲ್ಲ.

ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಹೋದೆವು. ಆಮ್ಲಜನಕ ಕೊಟ್ಟರು. ಸಂಜೆಯ ಹೊತ್ತಿಗೆ ನಿಧಿ ಕಣ್ಣು ಬಿಟ್ಟು ಆಪಲ್ ಜ್ಯೂಸ್ ಕೇಳಿದಳು. ವಸುಧಾ ಅವಳ ಕಾಲು ಹಿಡಿದುಕೊಂಡು ಕೂತಿದ್ದಳು, ಬಿಡಲೇ ಇಲ್ಲ.

ಮರುದಿನ ಬೆಳಿಗ್ಗೆ ಅವರಿಬ್ಬರನ್ನೂ ಕರೆದುಕೊಂಡು ಹೋಗಬಹುದು ಎಂದರು. ಕಾರು ತರೋಣವೆಂದು ಟ್ಯಾಕ್ಸಿಯಲ್ಲಿ ಮನೆಗೆ ಬಂದೆ. ಬಿಸಿಲು ಬಿದ್ದಿತ್ತು. ಬೀಗಕ್ಕೆ ಎಣ್ಣೆ ಬಿಟ್ಟು ಬಾಗಿಲು ತೆರೆದು ಕೀಲಿ ತಿರುಗಿಸಿದೆ. ಏನೂ ಇಲ್ಲ. ಒಂದು ದೀಪವೂ ಹತ್ತಲಿಲ್ಲ. ಇಂಥ ದಿನವೂ ಇದರ ಕೊಬ್ಬು ಇಳಿಯಲಿಲ್ಲವಲ್ಲ ಎಂದು ನನಗೆ ಅಳು ಬರುವಷ್ಟು ಸಿಟ್ಟು ಬಂತು. ಇಳಿದು, ಹಿಮ ಬಳಿದು, ಬಾನೆಟ್ ಎತ್ತಿದೆ.

ಬ್ಯಾಟರಿಯ ಜಾಗ ಖಾಲಿ. ಕೇಬಲ್ಲಿನ ಎರಡು ತುದಿಗಳಿಗೆ ಎರಡು ಗುಲಾಬಿ ಕಾಲುಚೀಲ. ನಾನು ಶನಿವಾರ ಕಟ್ಟಿದ ಗಂಟು ಹಾಗೆಯೇ ಇತ್ತು, ಅದರ ಮೇಲೆ ಮಂಜಿನ ಹುಡಿ.

ಟೋನಿ ಬಂದು, ಮಗು ಹೇಗಿದೆ ಎಂದು ವಿಚಾರಿಸಿದ. ನಿನ್ನೆ ನಿನಗೆ ಹಾರ್ನ್ ಕೇಳಿಸಿತೇ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೇಳಿಸದಿದ್ದರೆ ಆ ಚಳಿಯಲ್ಲಿ ಹೊರಗೆ ಬರಲು ತನಗೇನು ಹುಚ್ಚೇ ಎಂದ. ನಾನು ಖಾಲಿ ಜಾಗ ತೋರಿಸಲಿಲ್ಲ. ತೋರಿಸಿದ್ದರೆ ಅವನು ಏನನ್ನುತ್ತಿದ್ದನೋ. ಒಳಗೆ ಹೋದೆ. ಬ್ಯಾಟರಿ ಅಡುಗೆಮನೆಯಲ್ಲಿ ಮಣೆಯ ಮೇಲೆ ಬೆಚ್ಚಗೆ ಕೂತಿತ್ತು.

ಬಸಣ್ಣನಿಗೆ ಎಲ್ಲವನ್ನೂ ಹೇಳಿದೆ. ಹಾರ್ನಿನ ತಂತಿ ಹಿಡಿದು ಅವನು ಒಂದು ಇಡೀ ಮಧ್ಯಾಹ್ನ ಹುಡುಕಿದ. "ಸರ, ಬ್ಯಾಟರಿ ಇಲ್ಲದ ಹಾರ್ನ್ ಹೊಡಿಯೂದಿಲ್ರಿ. ಹೊಡಿಯೂದಽ ಇಲ್ಲ. ಗಾಳಿ ತಲಿಗೇರಿ ನಿಮಗ ಹಂಗ ಕೇಳಿಸೇದ."

"ಟೋನಿಯ ತಲೆಗೂ ಏರಿತ್ತಾ? ಅವನ ಮನೆ ರಸ್ತೆಯಾಚೆ."

ಬಸಣ್ಣ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಬಾನೆಟ್ ಮುಚ್ಚಿದ. ಆಮೇಲೆ, "ಈ ಗಾಡಿ ಮಾರ್ರಿ ಅಂತ ಇನ್ನ ಮ್ಯಾಲ ನಾ ಹೇಳಂಗಿಲ್ಲ," ಎಂದ.

ವಸುಧಾ ಈ ಬಗ್ಗೆ ಮಾತಾಡಿದ್ದು ಒಂದೇ ಸಲ. "ಕೂಗ್ಬೇಕಾದ್ದರ ಬಾಯಿ ನಾವೇ ಕಟ್ಟಿದ್ವು ರೀ," ಎಂದಳು, ಅಷ್ಟೆ. ಮುಂದಿನ ಚಳಿಗಾಲದಲ್ಲಿ ನಾನು ಬ್ಯಾಟರಿ ಹೊತ್ತು ತರುವಷ್ಟರಲ್ಲಿ ಮಣೆ ಹಾಕಿರುತ್ತಿತ್ತು. ಬೀಗಿತ್ತಿ ಎಂಬ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ. ಅಲಾರಂ ಈಗ ಒಗ್ಗರಣೆಗೆಲ್ಲ ಕಿರುಚುತ್ತದೆ. ಬಂದವರು ಕಿವಿ ಮುಚ್ಚಿಕೊಂಡರೆ ಅವಳು ಕಿಟಕಿ ತೆರೆಯುತ್ತಾಳೆ, ಅದನ್ನು ಮುಟ್ಟುವುದಿಲ್ಲ.

ಕಾರು ಇನ್ನೂ ಕೆಲವು ವರ್ಷ ನನ್ನನ್ನು ಗೋಳು ಹೊಯ್ದುಕೊಂಡಿತು. ಉಪ್ಪು ತಿಂದು ತಳವೇ ಕಳಚತೊಡಗಿದಾಗ ಗುಜರಿಗೆ ಹಾಕಲೇಬೇಕಾಯಿತು. ಎಳೆದೊಯ್ಯುವ ಟ್ರಕ್ಕು ಬಂದ ದಿನ, ಬ್ಯಾಟರಿ ಆಗಲೇ ಬಿಚ್ಚಿಟ್ಟಿದ್ದೆ. ಡ್ರೈವರು ಸರಪಳಿ ತೆಗೆಯುತ್ತಿದ್ದಾಗ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಒಳಗೆ ಕೂತು ಹಾರ್ನ್ ಒತ್ತಿದೆ. ಏನು ಆಗಲಿ ಎಂದು ಒತ್ತಿದೆನೋ ನನಗೇ ತಿಳಿಯದು. ಡ್ರೈವರು ಬಂದು ಕಿಟಕಿ ತಟ್ಟುವವರೆಗೂ ಒತ್ತಿಯೇ ಇದ್ದೆ.

ಅದು ಕೂಗಲಿಲ್ಲ. ನಾನು ಹೇಳಿದ್ದನ್ನು ಆ ಕಾರು ಯಾವತ್ತೂ ಮಾಡಿದ್ದೇ ಇಲ್ಲ.