ಕ್ಯಾಮೆರಾ ಮೇಲಿನ ಟವೆಲ್ಲು

ಬೆಳಗಿನ ಏಳು ಗಂಟೆ. ಹಳೇಬೀಡಿನ ಮನೆಯೊಂದರಲ್ಲಿ ಪುಟ್ಟರಾಜು ಟಿವಿ ಮುಂದೆ ನೆಲದ ಮೇಲೆ ಕೂತಿದ್ದಾರೆ. ಕ್ಯಾಮೆರಾ ಸರಿ ಮಾಡಲು ಅರಸೀಕೆರೆಯಿಂದ ಮೊದಲ ಬಸ್ಸು ಹಿಡಿದು ಬಂದವರಿಗೆ ಕಾಫಿ ಕುಡಿಯಲೂ ಪುರುಸೊತ್ತಿಲ್ಲ. ಎಂಟಕ್ಕೆ ಈ ಮನೆಯ ಸೊಸೆ ರಮಾ ಆಫೀಸಿಗೆ ಹೊರಡಬೇಕು. ಕಪಾಟಿನ ಮೇಲಿರುವ ಕ್ಯಾಮೆರಾಗೆ ಅತ್ತೆ ಕಮಲಾಕ್ಷಮ್ಮ ಟವೆಲ್ಲು ಮುಚ್ಚಿ ಮೂರು ದಿನವಾಯಿತು. ಅದನ್ನು ತೆಗೆಯದೆ ರಮಾ ಹೊಸ್ತಿಲು ದಾಟುವ ಹಾಗಿಲ್ಲ, ಇದ್ದ ರಜೆಯೂ ಮುಗಿದಿದೆ.

ಸೊಂಟ ಮುರಿದು ವಾಕರ್ ಹಿಡಿದು ಓಡಾಡುವ ಅತ್ತೆ ಮತ್ತೆ ಬಿದ್ದರೆ ಗೊತ್ತಾಗಲಿ ಅಂತ ಹಾಕಿಸಿದ ಕ್ಯಾಮೆರಾ ಅದು. ಚಿತ್ರವೆಲ್ಲ ಟಿವಿ ಕೆಳಗಿನ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ರಮಾ ಆಫೀಸಿನಿಂದ ಫೋನಿನಲ್ಲಿ ನೋಡುತ್ತಾರೆ. ಅದನ್ನು ಕೂರಿಸಿದ ಬೇರೊಬ್ಬ ಹೊರಗಿನಿಂದ ನೇರ ಬರುವ ದಾರಿಯನ್ನು ಇಂಟರ್ನೆಟ್ ರೌಟರಿನಲ್ಲಿ ತೆರೆದಿಟ್ಟು ಹೋಗಿದ್ದ. ಬಳಗದವರೂ ಅಜ್ಜಿಯನ್ನು ನೋಡಲಿ ಅಂತ ರಮಾ ವಿಳಾಸ, ಪಾಸ್‌ವರ್ಡ್ ಎರಡನ್ನೂ ಎಂಬತ್ತು ಜನರ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಪಾಪ, ಪ್ರೀತಿಯಿಂದಲೇ ಮಾಡಿದ್ದು! ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ ದೇವರೇ ಬಲ್ಲ. ಮೂರು ದಿನದ ಹಿಂದೆ ಕ್ಯಾಮೆರಾದ ಸ್ಪೀಕರಿನೊಳಗಿಂದ ಯಾವನೋ ಗಂಡಸು, "ಅಜ್ಜೀ, ಸೆರಗು ಸರಿ ಮಾಡ್ಕೋ" ಎಂದು ನಕ್ಕ.

"ನನ್ ಮನೇಲಿ ನಾನು ತಲೆ ಬಾಚ್ಕೊಳ್ಳಕ್ಕೂ ಹೆದರ್ಬೇಕೇನಪ್ಪಾ?" ಎಂದು ಕಮಲಾಕ್ಷಮ್ಮ ಕೇಳುತ್ತಾರೆ. ತಪ್ಪು ಪುಟ್ಟರಾಜು ಅವರದಲ್ಲ. ಆದರೂ ತಲೆ ತಗ್ಗಿಸಿ ರೌಟರನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ಹಿಂದೆ ಇವರು ಟಿವಿ ಕೇಬಲ್ ಎಳೆಯುತ್ತಿದ್ದವರು. ಕಂಬದಿಂದ ಬಿದ್ದು ಕಾಲು ಕುಂಟಾದಾಗ ಮಂಚದ ಮೇಲೆ ಮಲಗಿಕೊಂಡೇ, ಫೋನ್ ನೋಡಿ, ಮನೆಗಳ ಇಂಟರ್ನೆಟ್ಟು, ಕ್ಯಾಮೆರಾ ಭದ್ರ ಮಾಡುವ ಈ ಕೆಲಸ ಕಲಿತರು. ಈಗ ಗಂಡಸಿ ಊರಿನಿಂದ ಬೇಲೂರಿನವರೆಗೆ ವಾರಕ್ಕೆ ಹತ್ತು ಮನೆ. "ಕೆಲ್ಸ ಮುಗಿದ್ಮೇಲೆ ಕಣ್ಣಿಗೆ ಏನೂ ಕಾಣಕಿಲ್ಲ ನೋಡಿ. ಅದೇನ್ ಮಾಡ್ದೆ ಅಂತ ಜನ ಕೇಳ್ತಾರೆ," ಎಂದು ನಗುತ್ತಾರೆ.

ತೆರೆದ ದಾರಿ ಮುಚ್ಚಿ, ಪಾಸ್‌ವರ್ಡ್ ಬದಲಿಸಿ, ಬಾಕಿಯಿದ್ದ ಅಪ್‌ಡೇಟ್ ಹಾಕಿ, ವಿಪಿಎನ್ ಕೂರಿಸುತ್ತಾರೆ. "ಇದು ನಿಮ್ಮನೆಗೆ ಮಾತ್ರ ಇರೋ ಓಣಿ ಇದ್ದಂಗೆ ಮೇಡಂ. ಒಂದೊಂದ್ ಫೋನಿಗೂ ಬೇರೆ ಬೇರೆ ಕೀ ಐತೆ. ಫೋನ್ ಕಳೆದ್ರೆ ಆ ಕೀ ಒಂದನ್ನ ತೆಗೆದ್ರಾಯ್ತು. ಗ್ರೂಪಿಗೆ ಮಾತ್ರ ಹಾಕ್ಬೇಡಿ, ಕೈ ಮುಗೀತೀನಿ!"

"ಈಗ ನಾನು ಯಾರ್ಯಾರಿಗೆ ಕಾಣ್ತೀನಿ?" ಕಮಲಾಕ್ಷಮ್ಮ ಬಿಡುವವರಲ್ಲ.

ರಮಾ ಫೋನಿನಲ್ಲಿ, ಕ್ಯಾಮೆರಾ ನೋಡಬಲ್ಲವರ ಪಟ್ಟಿಯಲ್ಲಿ ಎರಡು ಹೆಸರುಗಳಿವೆ, ರಮಾ ಮತ್ತು ಪುಟ್ಟರಾಜು. ಸರಿಯಾಗಿದೆಯೇ ಎಂದು ನೋಡಲು ಪುಟ್ಟರಾಜು ತಮ್ಮ ಫೋನನ್ನೂ ಸೇರಿಸಿಕೊಂಡಿದ್ದರು.

"ನೀನ್ಯಾಕಪ್ಪ ಇದ್ರಲ್ಲಿ?"

"ಅದನ್ನ ನೀವೇ ತೆಗೀರಿ, ಅಮ್ಮಾ." ಪ್ರತಿ ಮನೆಯಲ್ಲೂ ಅವರು ಕೊನೆಗೆ ಮಾಡಿಸುವ ಕೆಲಸ ಇದು. ಕಮಲಾಕ್ಷಮ್ಮನ ಬೆರಳು ಆ ಹೆಸರನ್ನು ಅಳಿಸುತ್ತದೆ. ಪುಟ್ಟರಾಜು ತಮ್ಮ ಫೋನು ತೋರಿಸುತ್ತಾರೆ, ಪರದೆ ಖಾಲಿ. "ನಾನೇ ಇಟ್ಟ ಬಾಗ್ಲು. ಇನ್ಮೇಲೆ ನನ್ ಕೈಲೂ ತೆಗೆಯಕ್ಕಾಗಲ್ಲ," ಎನ್ನುವಾಗ ದನಿಯಲ್ಲಿ ಹೆಮ್ಮೆ.

ಕಮಲಾಕ್ಷಮ್ಮ ವಾಕರ್ ದೂಡಿಕೊಂಡು ಕಪಾಟಿನ ಹತ್ತಿರ ಹೋಗುತ್ತಾರೆ. ಟವೆಲ್ಲು ಎಳೆದು ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಇನ್ನೂ ನಿಂತಿದೀಯಲ್ಲೇ ರಮಾ, ಬಸ್ಸು ಹೋಗ್ತದೆ. ಹೊರಡು."