ಗಿರಿಜಾಬಾಯಿಯ ಕುಂಕುಮದ ಚುಕ್ಕೆಗಳು

ತಾರ್ನಾಕದ ಗಿರಿಜಾಬಾಯಿ ಮೂವತ್ತು ವರ್ಷ ಸರ್ಕಾರಿ ಕಚೇರಿಯ ಹಾಜರಿ ಪುಸ್ತಕ ನೋಡಿಕೊಂಡವರು. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಬೇಕಲ್ಲ, ಮನೆಯ ಹೆಂಗಸರು ಹೊರಗಾದ ದಿನಗಳಿಗೆ ದೇವರ ಮನೆಯ ಕ್ಯಾಲೆಂಡರಿನಲ್ಲಿ ಕುಂಕುಮದ ಚುಕ್ಕೆ ಇಡತೊಡಗಿದರು. ಮಡಿ ಅಡುಗೆಗೆ ಯಾರು ಗೈರುಹಾಜರು ಎಂಬುದು ಅವರಿಗೆ ಮೊದಲೇ ತಿಳಿದಿರಬೇಕು.

ಸೊಸೆ ಮಂದಾಕಿನಿಯ ಚುಕ್ಕೆಗಳು ಹಬ್ಬ ಹುಡುಕಿಕೊಂಡೇ ಬರುತ್ತಿದ್ದವು. ಮೊಮ್ಮಗಳು ಸಂಪದಾಳದ್ದು ಮಾತ್ರ ಆರು ತಿಂಗಳಿಂದ ಒಂದೂ ಇಲ್ಲ. ಇಪ್ಪತ್ತಾರರ ಈ ಹುಡುಗಿ ಫೆಬ್ರವರಿಯ ದೊಡ್ಡ ಓಟಕ್ಕೆಂದು ದಿನಾ ಬೆಳಿಗ್ಗೆ ವಿಶ್ವವಿದ್ಯಾಲಯದ ರಸ್ತೆಗಳಲ್ಲಿ ಓಡಿ ಬಂದು, ಎರಡು ಸೌತೆಕಾಯಿ ತಿಂದು ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನವೂ ರಜೆಯಿಲ್ಲದ ಇಂಥ ನೌಕರಳನ್ನು ಗಿರಿಜಾಬಾಯಿ ಕಚೇರಿಯಲ್ಲೂ ಕಂಡಿರಲಿಲ್ಲ. ದೇವರ ದಯೆಯೆಂದು ಹಿಗ್ಗಿ, ಮನೆಯ ವ್ರತಗಳನ್ನೆಲ್ಲ ಅವಳಿಗೇ ವಹಿಸಿದರು. ಸೋಮವಾರ, ಶುಕ್ರವಾರ, ಏಕಾದಶಿ, ಎಲ್ಲಕ್ಕೂ ಉಪವಾಸ. ಊಟ ತಪ್ಪಿದರೆ ಮೈ ಹಗುರ ಎಂದು ಸಂಪದಾಳೂ ಖುಷಿಯಲ್ಲೇ ಇದ್ದಳು.

ಶ್ರಾವಣದಲ್ಲಿ ಒಂದು ದಿನ ಅವಳು ಕುಂಟುತ್ತ ಮನೆಗೆ ಬಂದಳು. ಡಾಕ್ಟರ್ ಅನ್ವಿತಾ ಎಕ್ಸ್-ರೇ ಫಿಲ್ಮ್ ನೋಡಿ, ಮೊಣಕಾಲ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕಿದೆ ಎಂದರು. ಮುಟ್ಟು ಯಾವಾಗ ಆಗಿತ್ತೆಂದು ಕೇಳಿದಾಗ ಸಂಪದಾ ತಡವರಿಸಿದಳು. ಜೊತೆಗೆ ಬಂದಿದ್ದ ಗಿರಿಜಾಬಾಯಿಗೆ ತಪ್ಪು ದಾಖಲೆ ಸಹಿಸಲಾಗದು.

"ಮಾಘ ಶುದ್ಧ ಚೌತಿರಿ. ಆಮ್ಯಾಲ ಒಂದ ದಿನಾನೂ ಹೊರಗ ಕೂತಿಲ್ಲ," ಎಂದು ಎದೆಯುಬ್ಬಿಸಿ ಹೇಳಿದರು.

ಡಾಕ್ಟರು ಮೆಚ್ಚಲಿಲ್ಲ. ಓಟ ತಪ್ಪಲ್ಲ, ಓಡುವಷ್ಟು ತಿನ್ನದಿರುವುದು ತಪ್ಪು, ಅನ್ನ ಸಾಲದಾದಾಗ ಮೈ ಮುಟ್ಟನ್ನು ನಿಲ್ಲಿಸುತ್ತದೆ, ಅದರ ಹಿಂದೆಯೇ ಮೂಳೆ ಸೊರಗುತ್ತದೆ ಎಂದು ಬಿಡಿಸಿ ಹೇಳಿದರು. ಬಿರುಕು ಕೂಡಿ, ಮುಟ್ಟು ಮರಳಿದ ಮೇಲೆಯೇ ಓಟದ ಮಾತು.

ಮರಳುವಾಗ ಆಟೋದಲ್ಲಿ ಗಿರಿಜಾಬಾಯಿ ಮೊಮ್ಮಗಳಿಗೆ ವಹಿಸಿದ್ದ ವ್ರತಗಳನ್ನು ಬೆರಳಲ್ಲಿ ಎಣಿಸಿದರು. ಕೂಸನ್ನು ತಾನೇ ಉಪವಾಸ ಕೆಡವಿದೆನೆಂದು ತಮ್ಮನ್ನೇ ಹಳಿದುಕೊಂಡರು. ಮನೆಗೆ ಬಂದವರೇ ದೇವರ ಮುಂದೆ ನಿಂತು, ಇನ್ನು ಮೇಲೆ ವ್ರತಗಳೆಲ್ಲ ತನ್ನ ಹೆಸರಿಗೆ ವರ್ಗವಾಗಿವೆ ಎಂದು ತಿಳಿಸಿದರು. ಅಂದಿನಿಂದ ಜೋಳದ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿಪುಡಿ, ಎಳ್ಳುಂಡೆ, ಗಟ್ಟಿ ಮೊಸರು. ತಾಟು ಖಾಲಿಯಾಗುವ ತನಕ ಎದುರಿಗೇ ಕೂತಿರುತ್ತಿದ್ದರು. ಬಿರುಕು ಕೂಡಿತು. ಕ್ಯಾಲೆಂಡರು ಮಾತ್ರ ಖಾಲಿಯೇ ಉಳಿದು, ಅದರ ಮುಂದೆ ನಿಲ್ಲಲೂ ಅವರಿಗೆ ಹೆದರಿಕೆಯಾಗುತ್ತಿತ್ತು.

ದೀಪಾವಳಿಯ ಲಕ್ಷ್ಮೀಪೂಜೆಯ ಬೆಳಿಗ್ಗೆ ಮಂದಾಕಿನಿ ವಾಡಿಕೆಯಂತೆ ಹೊರಗೆ. ಗಿರಿಜಾಬಾಯಿ ಮಡಿಸೀರೆಯುಟ್ಟು ಒಬ್ಬರೇ ಹೋಳಿಗೆ ಬೇಯಿಸುತ್ತಿದ್ದರು. ಸಂಪದಾ ಅಡುಗೆಮನೆಯ ಹೊಸ್ತಿಲಾಚೆಯೇ ನಿಂತಳು.

"ಅಜ್ಜಿ, ನಾ ಹೊರಗ ಆಗೀನಿ."

ಗಿರಿಜಾಬಾಯಿ ಸೌಟು ಕೆಳಗಿಟ್ಟರು. ಹೊಸ್ತಿಲು ದಾಟಿ ಬಂದು, ಮಡಿಯಲ್ಲಿದ್ದಂತೆಯೇ ಅವಳನ್ನು ಅಪ್ಪಿಕೊಂಡರು. ಕಣ್ಣೀರು ಕೆನ್ನೆಗಿಳಿಯಿತು. ನೈವೇದ್ಯವಾಗದ ಮೊದಲ ಹೋಳಿಗೆಗೆ ತುಪ್ಪ ಸುರಿದು ಅವಳ ಬಾಯಿಗಿಟ್ಟರು.

"ಲಕ್ಷ್ಮಿ ಸ್ವಲ್ಪ ತಡೀತಾಳ. ಮೊದಲ ನೀ ತಿನ್ನು."

ಆಮೇಲೆ ಕ್ಯಾಲೆಂಡರಿಗೆ ಚುಕ್ಕೆಯಿಟ್ಟು, ಇನ್ನೊಮ್ಮೆ ಸ್ನಾನಕ್ಕೆ ಹೋದರು.