ಸತ್ತೆವ್ವ ತಿರುಗಿ ಕಳಿಸಿದ ಹಾಲು

ಕೌಜಲಗಿಯಿಂದ ಗೋಕಾಕಕ್ಕೆ ಹದಿನಾರು ಮೈಲು. ಸಂತೆಯ ದಿನ ಸತ್ತೆವ್ವ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬೆಣ್ಣೆಯ ಗಡಿಗೆ ಇಟ್ಟುಕೊಂಡು ಕೋಳಿ ಕೂಗುವ ಹೊತ್ತಿಗೆ ಮನೆ ಬಿಟ್ಟರೆ, ಬಿಸಿಲು ನೆತ್ತಿಗೆ ಏರುವುದರೊಳಗೆ ಗೋಕಾಕ ಮುಟ್ಟುತ್ತಿದ್ದಳು. ಅಂದು ಸೋದರತ್ತೆಯ ಮನೆಯಲ್ಲಿ ಉಳಿದು, ಮರುದಿನ ಖಾಲಿ ಗಡಿಗೆಯೊಂದಿಗೆ ಮತ್ತೆ ಅಷ್ಟೇ ಮೈಲು ನಡೆದು ಬರುವುದು. ದಾರಿಯಲ್ಲಿ ಬಂಡಿಯವರು “ಹತ್ತ ಬಾರವ್ವಾ” ಎಂದು ಕರೆದರೆ, “ನಿಮ್ಮ ಎತ್ತ ಹಿಂದ ಬೀಳತಾವ, ನನಗ ಹೊತ್ತಾಕ್ಕೈತಿ” ಎಂದು ನಕ್ಕು ಮುಂದೆ ಹೋಗುತ್ತಿದ್ದಳು. ಇದರಲ್ಲಿ ಜಂಬವೇನೂ ಇರಲಿಲ್ಲ. ಎತ್ತುಗಳು ಖರೆಯೇ ಹಿಂದೆ ಬೀಳುತ್ತಿದ್ದವು.

ಅವಳನ್ನು ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿಗೆ ಕೊಟ್ಟಿದ್ದರು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ. ಹತ್ತೊಂಬತ್ತಕ್ಕೆ ತವರಿಗೆ ತಿರುಗಿ ಬಂದಾಗ ಮನೆಯಲ್ಲಿ ಇದ್ದವರು ಕಣ್ಣು ಕಾಣದ ತಾಯಿ, ಏಳು ವರ್ಷದ ತಮ್ಮ ಮಾಯಪ್ಪ, ಎರಡು ಎಮ್ಮೆ. ಆ ಕಾಲದಲ್ಲಿ ಗಂಡ ಸತ್ತವಳು ಹಿತ್ತಲಿಗೆ ಹೋಗಬೇಕಾದರೂ ನಾಲ್ಕು ಜನರಿಗೆ ಜವಾಬು ಹೇಳಬೇಕಿತ್ತು. ಆದರೆ ತಲೆಯ ಮೇಲೆ ಬೆಣ್ಣೆಯ ಗಡಿಗೆ ಇದ್ದರೆ ಎಲ್ಲಿಗೆ ಹೊರಟೆ ಎಂದು ಯಾರೂ ಕೇಳುತ್ತಿರಲಿಲ್ಲ. ಆ ದಾರಿಯಲ್ಲಿ ಅವಳು ಮನಸ್ಸಿಗೆ ಬಂದ ಪದ ಹಾಡುತ್ತಿದ್ದಳು, ಬೇವಿನ ಮರಗಳ ಜೊತೆ ಮಾತಾಡುತ್ತಿದ್ದಳು, ಒಮ್ಮೊಮ್ಮೆ ಬಾಯಿ ಬಿಟ್ಟು ಅಳುತ್ತಲೂ ಇದ್ದಳು. ಹದಿಮೂರು ವರ್ಷ ಅವಳ ಪಾಲಿಗೆ ತನ್ನದು ಎಂದು ಇದ್ದದ್ದು ಆ ದಾರಿಯೊಂದೇ.

ಮಾಯಪ್ಪ ಇಪ್ಪತ್ತರ ಹುಡುಗನಾದ ವರ್ಷ, ಅಂದರೆ ಐವತ್ತೇಳರಲ್ಲಿ, ಅರಭಾವಿಯ ತರುಣರು ಕೂಡಿ ಹೊಸದೊಂದು ಶರ್ಯತ್ತು ಇಟ್ಟರು. ಲೋಳಸೂರಿನ ಹತ್ತಿರ ಘಟಪ್ರಭೆಯನ್ನು ಈಸಿ ದಾಟಬೇಕು, ಅಲ್ಲಿಂದ ಮೂಡಲಗಿಯವರೆಗೆ ಸೈಕಲ್ ಹೊಡೆಯಬೇಕು, ಮೂಡಲಗಿಯಲ್ಲಿ ಸೈಕಲ್ ಬಿಟ್ಟು ಅರಭಾವಿಗೆ ಓಡಿ ಬರಬೇಕು. ಗೆದ್ದವನಿಗೆ ಬೆಳ್ಳಿಯ ಕಡಗ, ತಲೆಗೆ ಜರಿಯ ಪಟಕಾ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಸು ಕಲಿತಿದ್ದ ಮಾಯಪ್ಪ, ಸಾಲೆಯ ಅಣ್ಣಾಸಾಹೇಬ ಮಾಸ್ತರರ ಸೈಕಲ್ಲು ಕೇಳಿ ಪಡೆದು, ತಾನೂ ಹೆಸರು ಕೊಟ್ಟ.

ಹೆಸರು ಕೊಟ್ಟದ್ದೇ ತಡ, ಹುಡುಗ ಊರಿನ ಸ್ವತ್ತಾದ. ಕೌಜಲಗಿಯ ಗರಡಿ ಮನೆಯ ವಸ್ತಾದ ದುರ್ಗಪ್ಪ, ನಲವತ್ತು ಕುಸ್ತಿ ಗೆದ್ದ ಆಳು, “ಇಂವ ಊರ ಪೈಲವಾನ, ಇಂವಗ ಖುರಾಕ ಹಚ್ಚರಿ” ಎಂದು ಹುಕುಂ ಮಾಡಿದ. ಖುರಾಕು ಎಂದರೆ ಪಾಳಿಯ ಪ್ರಕಾರ ದಿನಕ್ಕೊಂದು ಮನೆಯಿಂದ ಎರಡು ಸೇರು ಹಾಲು, ಅಂಗೈಯಷ್ಟು ತುಪ್ಪ, ಅರೆದ ಬಾದಾಮಿ. ಕುಸ್ತಿಗೆ ಇಳಿಯುವವನನ್ನು ಊರು ಹಾಗೇ ಸಾಕುತ್ತಿತ್ತು. ಬಂದದ್ದನ್ನು ಬೇಡ ಎನ್ನುವ ಹಾಗಿಲ್ಲ. ತಿರುಗಿ ಕಳಿಸಿದರೆ ಆ ಮನೆಯ ಹೊಸ್ತಿಲಿಗೆ ಉಗುಳಿದ ಹಾಗೆ.

ಕುಸ್ತಿಯಾಡುವವನಿಗೆ ಅಖಾಡದಲ್ಲಿ ಹತ್ತು ನಿಮಿಷದ ಕೆಲಸ. ಇಪ್ಪತ್ತು ಮೈಲು ಮೈ ದಂಡಿಸುವವನಿಗೂ ಅದೇ ತುಪ್ಪವೇ ಎಂದು ಕೇಳುವ ತಲೆ ಇಡೀ ಊರಿನಲ್ಲಿ ಒಂದೂ ಇರಲಿಲ್ಲ. ಪ್ರೀತಿ ಉಕ್ಕಿದಾಗ ಬುದ್ಧಿ ಒಲೆಯ ಹಿಂದೆ ಮಲಗಿರುತ್ತದೆ. ಶರ್ಯತ್ತಿನ ದಿನ ಬೆಳಿಗ್ಗೆ ಐದು ಹೋಳಿಗೆ ತುಪ್ಪದಲ್ಲಿ ಮುಳುಗಿಸಿ ತಿನ್ನಿಸಿ ಕಳಿಸಿದರು. ಮಾಯಪ್ಪ ಹೊಳೆ ಏನೋ ದಾಟಿದ. ಸೈಕಲ್ಲೂ ಹೊಡೆದ. ಓಟಕ್ಕೆ ಇಳಿದು ಎರಡು ಮೈಲಿಗೆ ಹೊಟ್ಟೆ ಹಿಡಿದು ದಾರಿಯ ಬದಿಗೆ ಕುಳಿತ. ಕುಳಿತವನನ್ನು ಬಂಡಿಯಲ್ಲಿ ಹಾಕಿಕೊಂಡು ಬರಬೇಕಾಯಿತು.

ಊರು ಕೂತು ವಿಚಾರ ಮಾಡಿ ತೀರ್ಮಾನಕ್ಕೆ ಬಂತು: ಖುರಾಕು ಕಡಿಮೆ ಬಿದ್ದಿದೆ. ಬರುವ ವರ್ಷ ದಿನಕ್ಕೆ ನಾಲ್ಕು ಸೇರು!

ದಸರೆ ಮುಗಿದ ಮೇಲೆ ಮತ್ತೆ ಹಾಲಿನ ತಂಬಿಗೆಗಳು ಬರತೊಡಗಿದವು. ಅದೇ ವಾರ ಮಾಯಪ್ಪ ಅಕ್ಕನ ಜೊತೆ ಗೋಕಾಕಕ್ಕೆ ಹೊರಟ. ಅರ್ಧ ದಾರಿಗೆ ಅವನ ಉಸಿರು ಕಮ್ಮಾರನ ತಿದಿಯಾಯಿತು. ಒಂದು ಬೇವಿನ ಬುಡದಲ್ಲಿ ದೊಪ್ಪನೆ ಕುಳಿತು ಅಕ್ಕನನ್ನು ನೋಡಿದ. ತಲೆಯ ಮೇಲೆ ಗಡಿಗೆ, ಹಣೆಯಲ್ಲಿ ಬೆವರು ಕೂಡ ಸರಿಯಾಗಿ ಇಲ್ಲ.

“ಅಕ್ಕಾ, ನಿನಗ ದಣಿವ ಆಗೂದಿಲ್ಲೇನು?”

“ದಣಿದ್ರ ಗಡಿಗಿ ಯಾರ ಇಳಿಸಿಕೊಳ್ಳತಾರೋ? ಅದಕ್ಕ ದಣೀದಂಗ ನಡೀತೇನಿ.”

ಮಾಯಪ್ಪ ತಲೆ ತಗ್ಗಿಸಿ, “ನನಗೂ ಕಲಿಸು” ಎಂದ. ಹೋದ ವರ್ಷ ಬಂಡಿಯಲ್ಲಿ ಹೆಣದ ಹಾಗೆ ಮಲಗಿ ಊರಿಗೆ ಬಂದದ್ದನ್ನು ಅವನು ಯಾರ ಮುಂದೂ ಆಡಿರಲಿಲ್ಲ. ಅಂದು ಅಕ್ಕನ ಮುಂದೆ ಅತ್ತ. “ಆಯ್ತು, ಏಳು” ಎಂದಳು ಸತ್ತೆವ್ವ.

ಊರಿಗೆ ಮರಳಿದ ಮೇಲೆ ಮೊದಲು ಬಂದದ್ದು ಭರಮವ್ವಾಯಿಯ ಮನೆಯ ಹಾಲು. ಭರಮವ್ವ ಎಂಬತ್ತರ ಮುದುಕಿ, ಊರಿಗೆಲ್ಲ ಆಯಿ. ಸತ್ತೆವ್ವ ಆ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಮುಟ್ಟಿಸಿ, ತಂದವರ ಕೈಗೇ ತಿರುಗಿ ಕೊಟ್ಟಳು. ಸಂಜೆಯೊಳಗೆ ಸುದ್ದಿ ಊರೆಲ್ಲ ಸುತ್ತಿತು. ತಾನೇ ಹೋಗಿ ಹೇಳುವುದು ಮರ್ಯಾದೆ ಎಂದು ಅವಳು ಗರಡಿ ಮನೆಗೆ ಹೋದಳು. ಹೆಂಗಸರು ಆ ಹೊಸ್ತಿಲು ತುಳಿಯುವ ಪದ್ಧತಿ ಇರಲಿಲ್ಲ. ಹೊರಗೇ ನಿಂತಳು. ಒಳಗೆ ಕೆಂಪು ಮಣ್ಣಿನಲ್ಲಿ ದುರ್ಗಪ್ಪ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

“ಕಾಕಾ, ಸಿಟ್ಟಾಗಬ್ಯಾಡ್ರಿ. ಈ ಸಲ ಮಾಯಪ್ಪಗ ಖುರಾಕ ಬ್ಯಾಡ. ನಾ ತಯಾರ ಮಾಡತೇನಿ.”

“ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ! ನಿನ್ನ ತಮ್ಮಗ ಓಡಾಕ ಬರೂದಿಲ್ಲ, ನಮ್ಮ ಹಾಲಿಗೆ ಹೆಸರ ಇಡ್ತಿ? ಬೆಣ್ಣಿ ಮಾರಾಕಿ ನೀ, ಶರ್ಯತ್ತಿನ ಸುದ್ದಿ ನಿನಗೇನ ಗೊತ್ತೈತಿ?”

“ನಡಿಯೂದ ಗೊತ್ತೈತ್ರಿ.”

“ಇಂವ ಸೋತ್ರ ಊರ ಮಾರಿ ಕೆಡತೈತಿ. ಅದಕ್ಕ ಯಾರ ಜವಾಬ?”

ಸತ್ತೆವ್ವನಿಗೆ ಕೆನ್ನೆ ಬಿಸಿಯಾಯಿತು. ಆಡಬಾರದಿತ್ತು, ಆಡಿಬಿಟ್ಟಳು. “ಮಾಯಪ್ಪ ಮೊದಲನೇ ನಂಬರ ಬರಲಿಲ್ಲಂದ್ರ ನಾ ಮತ್ತ ಗಡಿಗಿ ಹೊತ್ತು ಗೋಕಾಕದ ದಾರಿ ತುಳಿಯೂದಿಲ್ಲ. ಇದು ನನ್ನ ಮಾತು.”

ಗರಡಿಯ ಹುಡುಗರೆಲ್ಲ ಕೇಳಿಸಿಕೊಂಡರು. ದುರ್ಗಪ್ಪ, “ಆಯ್ತು, ಮಾತ ಇಸಗೊಂಡೆ” ಎಂದ. ಮನೆಗೆ ಬರುವಾಗ ಆಡಿದ ಮಾತಿನ ಭಾರ ತಿಳಿಯಿತು. ಬೆಣ್ಣೆಯನ್ನು ಊರಲ್ಲೇ ಯಾರಿಗಾದರೂ ಮಾರಬಹುದು. ಆ ದಾರಿ ಹೋದರೆ ಮತ್ತೆ ಎಲ್ಲಿಂದ ತರುವುದು?

ಮರುದಿನದಿಂದಲೇ ಕಲಿಕೆ ಶುರುವಾಯಿತು. ಅವಳಿಗೆ ಗೊತ್ತಿದ್ದದ್ದೆಲ್ಲ ಕಾಲಿಗೆ ಗೊತ್ತಿದ್ದದ್ದು, ಬಾಯಿಗೆ ತರುವುದು ಕಷ್ಟವಾಯಿತು. ಮೊದಲ ಪಾಠ ನೀರಿನದು. ಬಾಯಿ ತುಂಬ ನೀರು ಹಿಡಿದು ಒಂದು ಬೇವಿನ ಮರದಿಂದ ಮುಂದಿನ ಬೇವಿನ ಮರದವರೆಗೆ ಓಡಬೇಕು, ನುಂಗಬಾರದು, ಉಗುಳಬಾರದು. ಬಾಯಿ ಮುಚ್ಚಿದರೆ ಉಸಿರು ತಾನೇ ಮೂಗಿನ ದಾರಿ ಹಿಡಿಯುತ್ತದೆ. ಮೊದಲ ವಾರ ಮಾಯಪ್ಪ ಅರ್ಧ ದಾರಿಗೇ ನುಂಗಿ ಕೆಮ್ಮಿದ. ತಿಂಗಳೊಪ್ಪತ್ತಿನಲ್ಲಿ ಮೂರು ಮರ ದಾಟಿದ. ಊಟಕ್ಕೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಅಗಸಿ ಹಿಂಡಿ, ಸಂಜೆ ಎರಡು ಶೇಂಗಾ ಉಂಡಿ. ದೂರ ಹೋಗುವ ದಿನ ಬೆಳಿಗ್ಗೆ ಮಜ್ಜಿಗೆ ಬೆರೆಸಿದ ತೆಳ್ಳನೆಯ ಅಂಬಲಿ, ಚಿಟಿಕೆ ಉಪ್ಪು ಜಾಸ್ತಿ, ಅಷ್ಟೇ. ವಾರದಲ್ಲಿ ಮೂರು ದಿನ ಓಟ, ಎರಡು ದಿನ ಸೈಕಲ್ಲು, ಒಂದು ದಿನ ಬಾವಿ. ಸೋಮವಾರ ಏನೂ ಇಲ್ಲ. ಹುಡುಗ ಹುರುಪಿನಲ್ಲಿ ಸೋಮವಾರವೂ ಓಡಲು ಹೊರಟರೆ ಗದರಿಸುತ್ತಿದ್ದಳು. “ಸ್ವಾಮಾರ ಎತ್ತಿನ ಹೆಗಲಿಗೂ ನೊಗ ಇಡೂದಿಲ್ಲ. ನೀ ಎತ್ತಿಗಿಂತ ಶ್ಯಾಣ್ಯಾ ಏನು? ಬಿದ್ಕೋ ಹೋಗು.”

ಇನ್ನೊಂದು ಮಾತನ್ನು ಅವಳು ದಿನಾ ಹೇಳುತ್ತಿದ್ದಳು. “ಮೊದಲ ಅರ್ಧ ಗಂಡನ ಮನಿಗೆ ಹೊಂಟಂಗ ಹೋಗು, ಕಾಲ ಹಿಂದ ಎಳೀಲಿ. ಉಳಿದ ಅರ್ಧ ತವರಮನಿಗೆ ಬಂದಂಗ ಬಾ.” ಹೇಳುವಾಗ ಅವಳು ನಗುತ್ತಿದ್ದಳು. ಮಾಯಪ್ಪ ನಗುತ್ತಿರಲಿಲ್ಲ, ಅಕ್ಕ ತವರಿಗೆ ಬಂದ ದಿನ ಅವನಿಗೆ ನೆನಪಿತ್ತು.

ಊರು ಮಾತ್ರ ಮುನಿಸಿಕೊಂಡೇ ಇತ್ತು. ಬಾವಿಯ ಕಟ್ಟೆಯ ಮೇಲೆ ಸತ್ತೆವ್ವ ಬಂದರೆ ಮಾತು ನಿಲ್ಲುತ್ತಿತ್ತು. “ಅಂಬಲಿ ಕುಡದ ಪೈಲವಾನನ್ನ ಎಲ್ಲ್ಯರ ನೋಡೀರೇನ್ರೇ?” ಎಂದು ರಾಮವ್ವ ಬೆನ್ನ ಹಿಂದೆ ಕಿಸಕ್ಕೆಂದರೂ ಕೇಳದವಳ ಹಾಗೆ ಕೊಡ ತುಂಬಿಕೊಂಡು ಬರುತ್ತಿದ್ದಳು. ಸಂತೆಯ ದಿನ ಬಂದಾಗೆಲ್ಲ ಇನ್ನೆಷ್ಟು ಸಂತೆ ಉಳಿದವು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು.

ಶರ್ಯತ್ತಿನ ದಿನ ಅವಳು ಅರಭಾವಿಯಲ್ಲಿ, ಓಟ ಮುಗಿಯುವಲ್ಲಿ ಕಟ್ಟಿದ್ದ ಮಾವಿನ ತೋರಣದ ಕೆಳಗೆ ನಿಂತಿದ್ದಳು. ಊರವರೆಲ್ಲ ಬಂಡಿ ಕಟ್ಟಿಕೊಂಡು ಮೂಡಲಗಿಗೆ ಹೋಗಿದ್ದರು. ಮುನಿಸು ಮುನಿಸಿನ ಜಾಗದಲ್ಲಿ, ಊರಿನ ಹುಡುಗ ಊರಿನ ಹುಡುಗನೇ. ಹೊತ್ತು ಏರಿದ ಮೇಲೆ ಮೂಡಲಗಿಯ ಕಡೆಯಿಂದ ಮೋಟಾರು ಬಂತು. ಕಿಟಕಿಯಿಂದ ಯಾರೋ ಕೂಗಿದರು: “ಕೌಜಲಗಿಯಾಂವ ಸೈಕಲ್ ಇಳದಾಗ ನಾಕನೇದಾಂವ. ಈಗ ಎರಡನೇದಾಂವ ಅದಾನ. ಮುಂದ ಬೆಲ್ಲದ ಬಾಗೇವಾಡಿ ಉದ್ದಪ್ಪ!”

“ಆ ಊರಿಗೂ ನನಗೂ ಕೂಡೂದಿಲ್ಲ ಬಿಡು,” ಎಂದುಕೊಂಡಳು ಸತ್ತೆವ್ವ. ಆದರೆ ತಮ್ಮ ಎಲ್ಲೂ ಕುಳಿತಿಲ್ಲ, ಓಡುತ್ತಿದ್ದಾನೆ ಎಂಬುದು ಕಿವಿಗೆ ಬಿದ್ದದ್ದೇ ಎದೆ ಹಗುರಾಯಿತು.

ಧೂಳಿನೊಳಗಿಂದ ಇಬ್ಬರು ಕಂಡರು. ಮುಂದಿನವನು ಬಾಯಿ ತೆರೆದು ತೂರಾಡುತ್ತ ಬರುತ್ತಿದ್ದ. ಹಿಂದಿನವನ ಬಾಯಿ ಮುಚ್ಚಿತ್ತು. ನಡುವಿನ ಅಂತರ ಕರಗುತ್ತ ಬಂತು, ನಲವತ್ತು ಹೆಜ್ಜೆ, ಇಪ್ಪತ್ತು, ಹತ್ತು. ಇನ್ನೊಂದು ಫರ್ಲಾಂಗು ದಾರಿ ಇದ್ದಿದ್ದರೆ! ಇರಲಿಲ್ಲ. ಉದ್ದಪ್ಪ ತೋರಣ ದಾಟಿ ನೆಲಕ್ಕೆ ಬಿದ್ದ. ಮಾಯಪ್ಪ ಹತ್ತು ಹೆಜ್ಜೆ ಹಿಂದೆ ದಾಟಿ ನಿಂತೇ ಇದ್ದ.

“ಅಕ್ಕಾ, ಮೂಡಲಗ್ಯಾಗ ನಿಂತೆ. ಅದಕ್ಕ ಹಿಂಗಾತು.”

“ಯಾಕ ನಿಂತಿ?”

“ಭರಮವ್ವಾಯಿ ದಾರ್ಯಾಗ ಹಾಲಿನ ಬಟ್ಟಲ ಹಿಡಕೊಂಡ ನಿಂತಿದ್ಲು. ಕೈ ನಡಗಾಕತ್ತಿದ್ವು. ಮತ್ತೊಮ್ಮಿ ಬ್ಯಾಡ ಅನ್ನಾಕ ನನಗ ಆಗಲಿಲ್ಲ. ಒಂದ ಗುಟುಕ ಕುಡದು, ಕಾಲ ಮುಟ್ಟಿ ಬಂದೆ.” ಅವನ ಕಣ್ಣು ತುಂಬಿದವು. “ನಿನ್ನ ದಾರಿ ಕಳದೆ.”

ಸತ್ತೆವ್ವ ಸೆರಗಿನಿಂದ ಅವನ ಮುಖ ಒರೆಸಿದಳು. “ಚಲೋ ಮಾಡಿದಿ. ನಿಲ್ಲದ ಬಂದಿದ್ರ ನಿನಗ ನಾನ ಬಡೀತಿದ್ದೆ,” ಎಂದಳು. ಆ ಮಾತು ಸುಳ್ಳಲ್ಲ. ಅವಳಿಗೆ ಸಂಕಟವಾದದ್ದೂ ಸುಳ್ಳಲ್ಲ.

ಆಡಿದ ಮಾತು ಆಡಿದ್ದೇ. ಮನೆಗೆ ಬಂದವಳು ಗಡಿಗೆ ತೊಳೆದು ಬೋರಲು ಹಾಕಿದಳು, ಸಿಂಬಿಯನ್ನು ಗೂಟಕ್ಕೆ ಸಿಗಿಸಿದಳು. ಸಂತೆಯ ದಿನ ಕೋಳಿ ಕೂಗಿದಾಗ ರೂಢಿಯಂತೆ ಎಚ್ಚರವಾಯಿತು. ಎದ್ದು ಏನು ಮಾಡಬೇಕೋ ತಿಳಿಯದೆ ಹಾಸಿಗೆಯಲ್ಲೇ ಕೂತಳು.

ಹೊರಗೆ ಯಾರೋ ಕೆಮ್ಮಿದರು. ಬಾಗಿಲು ತೆರೆದರೆ ವಸ್ತಾದ ದುರ್ಗಪ್ಪ. ಹೊಸ್ತಿಲಿನಾಚೆಯೇ ನಿಂತಿದ್ದ, ಒಳಗೆ ಬರಲಿಲ್ಲ.

“ಸತ್ತೆವ್ವಾ, ನಮ್ಮ ಹಾಲು ನೀ ತಿರುಗಿ ಕಳಿಸಿದಿ. ಸಿಟ್ಟ ಬಂತು. ಆದ್ರೂ ಇಸಗೊಂಡ್ವಿ, ಹೌದಿಲ್ಲೋ?”

“ಹೌದ್ರಿ ಕಾಕಾ.”

“ಹೋದ ವರ್ಷ ಬಂಡ್ಯಾಗ ಬಂದ ಹುಡುಗ ಈ ವರ್ಷ ಕಾಲ ಮ್ಯಾಲೆ ನಿಂತ ಬಂದ. ಮುದುಕಿಗೆ ಕಾಲ ಮುಟ್ಟಿ ಬಂದ. ಅದನ್ನ ಸೋಲು ಅನ್ನಾಕ ನನ್ನ ನಾಲಿಗಿ ತಿರಗವಲ್ದು. ಮಾತ ಕೊಟ್ಟಾಕಿ ನೀ, ಇಸಗೊಂಡಾಂವ ನಾ. ಈಗ ತಿರುಗಿ ಕೊಡಾಕ ಬಂದೇನಿ. ನಮ್ಮಂಗ ನೀನೂ ಸುಮ್ಮನ ಇಸಗೋ.”

ದುರ್ಗಪ್ಪನ ಬೆನ್ನ ಹಿಂದೆ ಗರಡಿಯ ಮೂವರು ಹುಡುಗರು, ಅವರ ಪಕ್ಕದಲ್ಲಿ ಮಾಯಪ್ಪ, ಎಲ್ಲರೂ ಬರಿಗಾಲಲ್ಲಿ, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದರು. “ಇವರನ್ನೂ ಕರಕೊಂಡ ಹೋಗು. ಬರೂ ವರ್ಷಕ್ಕ ನಾಲ್ಕು ಮಂದಿ ಇಳೀತಾರ,” ಎಂದ ದುರ್ಗಪ್ಪ, ಅಪ್ಪಣೆಯ ದನಿಯಲ್ಲಲ್ಲ, ಕೇಳಿಕೊಳ್ಳುವ ದನಿಯಲ್ಲಿ.

ಅವಳು ಒಳಗೆ ಹೋಗಿ ಗೂಟದ ಸಿಂಬಿ ತೆಗೆದಳು, ಗಡಿಗೆಗೆ ಬೆಣ್ಣೆ ತುಂಬಿದಳು. ಊರು ದಾಟಿದ ಮೇಲೆ ಬೆಳಕು ಹರಿಯಿತು. ಹೊಲದ ಜೋಳ ತೆನೆ ಬಿಟ್ಟು ನಿಂತಿತ್ತು. ಸತ್ತೆವ್ವ ಒಂದು ಪದ ಎತ್ತಿಕೊಂಡಳು. ಮೊದಲ ಬೇವಿನ ಮರ ಬಂದಾಗ ಹಿಂದೆ ತಿರುಗದೆ ಕೇಳಿದಳು: “ಯಾರೂ ನೀರ ನುಂಗಿಲ್ಲಲ್ಲಾ?”

ಯಾರೂ ಉತ್ತರ ಕೊಡಲಿಲ್ಲ. ತಿರುಗಿ ನೋಡಿದಳು. ನಾಲ್ವರು ಹುಡುಗರ ಹಿಂದೆ, ಅರವತ್ತರ ವಸ್ತಾದ ದುರ್ಗಪ್ಪನೂ ಕೆನ್ನೆ ಉಬ್ಬಿಸಿಕೊಂಡು ಬರುತ್ತಿದ್ದ.